ಹಿತ್ತಾಳೆಗೆ ಒಗ್ಗುವ ಎಣ್ಣೆ

ಇವತ್ತು ಬೆಳಿಗ್ಗೆ ರೊಟ್ಟಿ ಮುರಿದು ಬಾಯಿಗೆ ಒಯ್ಯುವಷ್ಟರಲ್ಲಿ ಕೈ ಅಲ್ಲೇ ನಿಂತಿತು. ಬೆರಳಿಗೆಲ್ಲ ಗೇರ್ ಎಣ್ಣೆಯ ವಾಸನೆ. ಎರಡು ಸಲ ಸಾಬೂನು ಹಚ್ಚಿದ್ದೆ, ಒಂದು ಸಲ ಬೂದಿ ಹಾಕಿ ತಿಕ್ಕಿದ್ದೆ. ಅದು ಹೋಗುವ ಪೈಕಿ ಅಲ್ಲ. ನಿಮಗೆ ಅದರ ಪರಿಚಯ ಇಲ್ಲದಿದ್ದರೆ ಹೀಗೆ ಅಂದುಕೊಳ್ಳಿ: ಪಟಾಕಿ ಸುಟ್ಟ ಮರುದಿನದ ಅಂಗಳ, ಅದರ ನಡುವೆ ಒಡೆದ ಒಂದು ಕೆಟ್ಟ ತತ್ತಿ. ನನ್ನ ಹೆಂಡತಿ ಈರಮ್ಮ ನನ್ನ ಮುಖ ನೋಡಿದಳು, ಕೈ ನೋಡಿದಳು, ಎದ್ದು ಹೋಗಿ ಒಂದು ಚಮಚ ತಂದು ತಾಟಿನಲ್ಲಿ ಇಟ್ಟಳು.

"ರೊಟ್ಟಿ ಚಮಚದಾಗ ತಿನ್ನೋದು ಹೆಂಗ?" ಅಂದೆ.

"ಅದು ನಿಮ್ಮ ಕಷ್ಟ. ಆ ಕೈ ನನ್ನ ಪಲ್ಯಕ್ಕ ಹತ್ತಬಾರದು ಅಷ್ಟ."

ಕುರುಗೋಡಿನಲ್ಲಿ ರೊಟ್ಟಿಗೆ ಚಮಚ ಕೊಡುವ ಮನೆ ನಮ್ಮದೊಂದೇ ಇರಬೇಕು. ಹೇಗೋ ತಿಂದು ಹೊರಗೆ ಬಂದೆ. ಬೇವಿನ ಮರದ ಕೆಳಗೆ ನನ್ನ ಪಿಕಪ್ ನಿಂತಿತ್ತು. ಗೇರ್ ಬಾಕ್ಸಿನ ಕೆಳಗಿನ ಬೋಲ್ಟು ಬಿಚ್ಚಿ, ಅಡಿಗೆ ಹಳೆಯ ತಾಟು ಇಟ್ಟಿದ್ದೆ. ಕಪ್ಪು ಎಣ್ಣೆ ದಾರದಂತೆ ಸಣ್ಣಗೆ ಇಳಿಯುತ್ತಿತ್ತು. ಈ ಕೆಲಸಕ್ಕೆ ಅವಸರ ಮಾಡಬಾರದು. ಗಾಡಿ ಒಂದು ಸುತ್ತು ಓಡಿಸಿ ಎಣ್ಣೆ ಬಿಸಿ ಇರುವಾಗಲೇ ಬಿಚ್ಚಬೇಕು, ಕೊನೆಯ ಹನಿಯವರೆಗೂ ಕಾಯಬೇಕು. ಇನ್ನೊಂದು ಮಾತು. ಕೆಳಗಿನ ಬೋಲ್ಟಿಗೆ ಕೈ ಹಾಕುವ ಮೊದಲು ಎಣ್ಣೆ ತುಂಬುವ ಪಕ್ಕದ ಬೋಲ್ಟು ಬಿಚ್ಚುತ್ತದೋ ಇಲ್ಲವೋ ನೋಡಿಕೊಳ್ಳಬೇಕು. ಅದು ಜಾಮಾಗಿದ್ದು, ನೀವು ಕೆಳಗಿನದನ್ನು ಬಿಚ್ಚಿಬಿಟ್ಟರೆ, ಖಾಲಿ ಹೊಟ್ಟೆಯ ಗಾಡಿ ಅಂಗಳದಲ್ಲೇ ಕೂತುಬಿಡುತ್ತದೆ. ಇದು ನನಗೆ ಹೇಗೆ ಗೊತ್ತು ಅಂತ ಕೇಳಬೇಡಿ.

ಈ ಗಾಡಿ ಹೊಸದಾಗಿದ್ದಾಗ ಬಿಳಿ ಇತ್ತಂತೆ. ನನ್ನ ಕೈಗೆ ಬರುವಾಗಲೇ ಹುಳಿ ಮಜ್ಜಿಗೆಯ ಬಣ್ಣಕ್ಕೆ ತಿರುಗಿತ್ತು. ನಾನು ಅದರಲ್ಲಿ ಸಿಮೆಂಟು ಹೇರುವುದಿಲ್ಲ, ಕಲ್ಲು ಹೇರುವುದಿಲ್ಲ. ಮೆಣಸಿನ ಸಸಿ ಮಾತ್ರ. ಸಿರುಗುಪ್ಪದ ಹತ್ತಿರ ಹಸಿರು ಪರದೆ ಕಟ್ಟಿದ ನರ್ಸರಿ ಒಂದಿದೆ. ಅಲ್ಲಿಂದ ಪ್ಲಾಸ್ಟಿಕ್ ಟ್ರೇಗಳಲ್ಲಿ ಸಸಿ ತುಂಬಿಕೊಂಡು ಕುರುಗೋಡು, ಕೊಳಗಲ್ಲು ಕಡೆಯ ಹೊಲಗಳಿಗೆ ಮುಟ್ಟಿಸುತ್ತೇನೆ. ಹಿಂದೆ ಮೂರು ಅಂತಸ್ತಿನ ಕಬ್ಬಿಣದ ರ‍್ಯಾಕು ಇದೆ, ನಾನೇ ವೆಲ್ಡಿಂಗ್ ಮಾಡಿ ಕೂಡಿಸಿದ್ದು. ಸಸಿಗೆ ಬಾಯಿಲ್ಲ. ಆದರೆ ಬಿಸಿಲೇರುವುದರೊಳಗೆ ಹೊಲ ಮುಟ್ಟಿಸದಿದ್ದರೆ ಕುತ್ತಿಗೆ ಬಗ್ಗಿಸಿ ನಿಂತು, ನಾಲ್ಕು ಜನರ ಮುಂದೆ ನಿಮ್ಮ ಮಾನ ಕಳೆಯುತ್ತದೆ. ಎರೆಹೊಲದ ದಾರಿಗಳಲ್ಲಿ ಮೂರನೇ ಗೇರಿಗೂ ನಾಲ್ಕನೇ ಗೇರಿಗೂ ಕೆಲಸ ಕಡಿಮೆ. ಅಲ್ಲಿ ನನ್ನ ಅನ್ನ ನಡೆಯುವುದು ಎರಡನೇ ಗೇರಿನ ಮೇಲೆ. ಆ ಎರಡನೆಯದೇ ಒಮ್ಮೆ ನನ್ನ ಕೈಬಿಟ್ಟಿತ್ತು. ಎಣ್ಣೆ ಇಳಿಯುತ್ತಿರಲಿ, ಮೊದಲು ಅದನ್ನು ಹೇಳಿಬಿಡುತ್ತೇನೆ.

ನಾನು ಸಾಲಿ ಬಿಟ್ಟದ್ದು ನಾಲ್ಕನೇ ಕ್ಲಾಸಿಗೆ. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ಐದನೇ ಕ್ಲಾಸಿನ ಮೇಷ್ಟ್ರ ಬೆತ್ತ ಉದ್ದ ಅಂತ ಯಾರೋ ಹೇಳಿದ್ದರು. ಆಮೇಲೆ ಅದಿರು ಲಾರಿಗಳ ಗ್ಯಾರೇಜಿನಲ್ಲಿ ಕೈ ಕಪ್ಪು ಮಾಡಿಕೊಂಡು ಕೆಲಸ ಕಲಿತೆ. ಕನ್ನಡ ಓದುತ್ತೇನೆ. ತೆಲುಗು, ಗೋಡೆ ಮೇಲೆ ಬರೆದಷ್ಟು ಓದುತ್ತೇನೆ. ಇಂಗ್ಲಿಷಿನಲ್ಲಿ ಅಂಕಿ ಮಾತ್ರ. ಸ್ಪಾನರಿನ ಮೇಲೆ ಅಂಕಿ, ಟೈರಿನ ಮೇಲೆ ಅಂಕಿ, ರಸ್ತೆಯ ಕಲ್ಲಿನ ಮೇಲೆ ಅಂಕಿ. ಅಂಕಿ ಬಂದರೆ ಸಾಕು, ಅಕ್ಷರಗಳೆಲ್ಲ ಅದರ ಸುತ್ತಲಿನ ಅಲಂಕಾರ ಅಂತ ನನ್ನ ಎಣಿಕೆ. ಯಾರನ್ನೂ ಒಂದು ಮಾತು ಕೇಳದೆ ಬದುಕಿದವನು ನಾನು ಅನ್ನುವ ಹೆಮ್ಮೆ ಬೇರೆ. ಆ ಹೆಮ್ಮೆಯನ್ನು ಈರಮ್ಮ ಮದುವೆಯಾದ ಮೂರನೇ ದಿನಕ್ಕೇ ಗುರುತು ಹಿಡಿದಿದ್ದಳು. ಬೀಗರ ಊರಿನಲ್ಲಿ ದಾರಿ ಕೇಳುವುದು ಬಿಟ್ಟು ಆಕೆಯನ್ನು ಎರಡು ತಾಸು ನಡೆಸಿದ್ದೆ.

ನಮ್ಮ ಗ್ಯಾರೇಜಿನಲ್ಲಿ ಎಣ್ಣೆಯದು ಒಂದೇ ಡ್ರಮ್ಮು. ಗೇರ್ ಬಾಕ್ಸಿಗೂ ಅದೇ, ಹಿಂದಿನ ಕ್ರೌನಿಗೂ ಅದೇ. ಕ್ರೌನು ಅಂದರೆ, ಹಿಂದಿನ ಎರಡು ಚಕ್ರಗಳ ನಡುವೆ ಕುಂಬಳಕಾಯಿಯಂತೆ ಉಬ್ಬಿರುತ್ತದಲ್ಲ, ಅದರೊಳಗಿನ ಹಲ್ಲಿನ ಗಾಲಿ. "ದಪ್ಪ ಎಣ್ಣಿ ಹಾಕು, ಗಾಡಿ ದಣಿಯಂಗಿಲ್ಲ" ಅನ್ನುವುದೇ ಅಲ್ಲಿನ ಪಾಠ. ಆ ಹಳೇ ಲಾರಿಗಳ ಗೇರ್ ಬಾಕ್ಸು ಬೇರೆ ಜಾತಿಯದು, ಗೇರು ಸಲೀಸಾಗಿ ಬೀಳಲೆಂದು ಒಳಗೆ ಕೂಡಿಸುವ ಹಿತ್ತಾಳೆಯ ರಿಂಗು ಅವುಗಳಲ್ಲಿ ಇರುತ್ತಿರಲಿಲ್ಲ, ಅವಕ್ಕೆ ಏನು ಹಾಕಿದರೂ ನಡೆಯುತ್ತಿತ್ತು. ಇದು ನನಗೆ ಹೊಳೆದದ್ದು ಬಹಳ ತಡವಾಗಿ.

ಸಿರುಗುಪ್ಪದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಪಾರ್ವತಕ್ಕನ ಆಯಿಲ್ ಅಂಗಡಿ ಇದೆ. ಅಪ್ಪನಿಂದ ಬಂದ ಅಂಗಡಿ. ಗಂಡ ರೈಸ್ ಮಿಲ್ಲಿಗೆ ಕೆಲಸಕ್ಕೆ ಹೋಗುತ್ತಾನೆ, ಅಂಗಡಿ ಈಕೆಯದು. ಕನ್ನಡಕ ಯಾವಾಗಲೂ ಹಣೆಯ ಮೇಲೆ. ಆಕೆಗೊಂದು ರೂಢಿ ಇದೆ. ಗಾಡಿ ಯಾವುದು, ಯಾವ ವರ್ಷದ್ದು, ಎಣ್ಣೆ ಎಲ್ಲಿಗೆ, ಈ ಮೂರಕ್ಕೆ ಉತ್ತರ ಬರುವವರೆಗೆ ಕ್ಯಾನು ಕಪಾಟಿನಿಂದ ಇಳಿಯುವುದಿಲ್ಲ. "ಹೆಣ್ಣು ನೋಡಾಕ ಬಂದಂಗ ಕೇಳತೀರಲ್ಲ ಅಕ್ಕಾರ" ಅಂತ ಡ್ರೈವರುಗಳು ಗೊಣಗುತ್ತಿದ್ದರು. "ನಾನು ಹೆಣ್ಣು ಕೊಡೋ ಕಡ್ಯಾಕಿ. ಕೇಳದ ಕೊಡಲೇನು?" ಅಂತ ಆಕೆ.

ಕೆಲವು ವರ್ಷಗಳ ಹಿಂದೆ, ಸಸಿ ಹಂಗಾಮು ಶುರುವಾಗುವ ಮೊದಲು, ನಾನು ಆ ಅಂಗಡಿಗೆ ಹೋದೆ. ಕಪಾಟಿನಲ್ಲಿ ಎರಡು ತರಹದ ಕ್ಯಾನು. ಎರಡರ ಮೇಲೂ ಜಿಎಲ್ ಅಂತ ಎರಡು ಇಂಗ್ಲಿಷ್ ಅಕ್ಷರ, ಅವು ಆಗ ನನಗೆ ಬರುತ್ತಿರಲಿಲ್ಲ. ಅಕ್ಷರದ ಮುಂದೆ ಒಂದರಲ್ಲಿ ನಾಲ್ಕು, ಇನ್ನೊಂದರಲ್ಲಿ ಐದು. ಅವು ಚೆನ್ನಾಗಿ ಬರುತ್ತಿದ್ದವು.

ಆಕೆಯ ಮೊದಲ ಎರಡು ಪ್ರಶ್ನೆಗೆ ಉತ್ತರ ಕೊಟ್ಟು, "ಐದು ಇರೋದು ಕೊಡ್ರಿ, ದಪ್ಪಂದು" ಅಂದೆ.

"ಗೇರ್ ಬಾಕ್ಸಿಗೋ, ಕ್ರೌನಿಗೋ?"

"ಎರಡಕ್ಕೂ."

"ಎರಡಕ್ಕೂ ಒಂದ ಆಗಂಗಿಲ್ಲಣ್ಣ. ನಿಮ್ಮ ಗಾಡಿ ಹಳೇದು, ಗೇರ್ ಬಾಕ್ಸಿನಾಗ ಹಿತ್ತಾಳಿ ರಿಂಗು ಅದಾವು. ಅದಕ್ಕ ನಾಲ್ಕು ಒಯ್ರಿ."

"ಐದು ಇರಬೇಕಾದ್ರ ನಾಲ್ಕು ಯಾಕ ಒಯ್ಯಲಿ?"

"ಅದು ದೊಡ್ಡದು ಸಣ್ಣದು ಅಂತ ಅಲ್ರಿ..."

ನನ್ನ ಹಿಂದೆ ಇಬ್ಬರು ಟ್ರ್ಯಾಕ್ಟರ್ ಡ್ರೈವರುಗಳು ನಿಂತಿದ್ದರು. ಒಬ್ಬ ಗಂಟಲು ಸರಿಮಾಡಿಕೊಂಡ. ಅಷ್ಟೇ ಸಾಕಾಯಿತು. ನಾಲ್ಕನೇ ಕ್ಲಾಸಿಗೆ ಸಾಲಿ ಬಿಟ್ಟವನಿಗೆ ನಾಲ್ಕಕ್ಕೇ ನಿಲ್ಲು ಅಂತ ಯಾರೂ ಹೇಳಬಾರದಿತ್ತೇನೋ. "ಅಕ್ಕಾರ, ನೀವು ಎಂದರ ಸ್ಟೀರಿಂಗ್ ಹಿಡದು ಗೇರ್ ಹಾಕೀರೇನು? ಗಲ್ಲಾದ ಮುಂದ ಕುಂತು ಲಾರಿ ಮೇಸ್ತ್ರಿಗಿ ಪಾಠ ಹೇಳತೀರಿ" ಅಂದೆ. ಟ್ರ್ಯಾಕ್ಟರಿನವರು ನಕ್ಕರು. ಪಾರ್ವತಕ್ಕ ನಗಲಿಲ್ಲ, ಸಿಟ್ಟೂ ಮಾಡಲಿಲ್ಲ. ಹಣೆಯ ಮೇಲಿನ ಕನ್ನಡಕ ಕಣ್ಣಿಗೆ ಇಳಿಸಿ ನನ್ನನ್ನು ಒಂದು ಸಲ ನೋಡಿ, "ಹಂಗಾದ್ರ ನನ್ನ ಅಂಗಡ್ಯಾಗ ನಿಮಗ ಎಣ್ಣಿ ಇಲ್ರಿ" ಅಂದಳು.

ಬಳ್ಳಾರಿಗೆ ಹೋಗಿ ಬೇರೆ ಅಂಗಡಿಯಿಂದ ಐದರ ಕ್ಯಾನು ತಂದೆ. ಅಲ್ಲಿ ಯಾರೂ ಏನೂ ಕೇಳಲಿಲ್ಲ. ಏನೂ ಕೇಳದ ಅಂಗಡಿ ಆಗ ನನಗೆ ಬಹಳ ಮರ್ಯಾದಸ್ತ ಅಂಗಡಿಯಾಗಿ ಕಂಡಿತು.

ನಿಜ ಹೇಳಬೇಕೆಂದರೆ ಮೊದಮೊದಲು ಗಾಡಿ ಬೆಕ್ಕಿನ ಹಾಗೆ ಸದ್ದಿಲ್ಲದೆ ಓಡಿತು. ಎಣ್ಣೆ ದಪ್ಪವಾದರೆ ಸದ್ದು ಮುಚ್ಚಿಹೋಗುತ್ತದೆ, ಕಂಬಳಿ ಹೊದ್ದು ಕೆಮ್ಮಿದ ಹಾಗೆ. ನಾನು ಅದನ್ನೇ ಆರೋಗ್ಯ ಅಂದುಕೊಂಡು ಕಂಡವರಿಗೆಲ್ಲ ಹೇಳಿಕೊಂಡು ತಿರುಗಿದೆ. ಮರುವರ್ಷದ ಹೊತ್ತಿಗೆ ಬೆಳಿಗ್ಗೆ ಎರಡನೇ ಗೇರು ಬಿಗಿ ಅನ್ನಿಸಿತು. ಆಮೇಲೆ ಕರಕರ ಅಂತ ಜೋಳ ಬೀಸುವ ಸದ್ದು. ಕ್ಲಚ್ಚಿನ ದೋಷ ಅಂದೆ. ಎರೆಮಣ್ಣಿನ ದೋಷ ಅಂದೆ. ನರ್ಸರಿಯವರು ಟ್ರೇ ಜಾಸ್ತಿ ಹೇರುತ್ತಾರೆ ಅಂದೆ. ಕೊನೆಗೆ ಎರಡೆರಡು ಸಲ ಕ್ಲಚ್ಚು ತುಳಿದು ಗೇರು ಹಾಕುವುದನ್ನು ರೂಢಿ ಮಾಡಿಕೊಂಡು, ಹಳೇ ಡ್ರೈವರುಗಳ ಕೈಚಳಕ ಇದು ಅಂತ ಅದಕ್ಕೂ ಒಂದು ಹೆಮ್ಮೆ ಪಟ್ಟೆ.

ಆ ಕೈಚಳಕ ಕೊಳಗಲ್ಲಿನ ಹಳ್ಳದಲ್ಲಿ ಮುಗಿಯಿತು. ಅವತ್ತು ಹೊಲದಲ್ಲಿ ಹತ್ತು ಹನ್ನೆರಡು ಹೆಣ್ಣಾಳು ಸಸಿಗೆ ಕಾಯುತ್ತಿದ್ದರು. ಹೊಲಕ್ಕೆ ಮೊದಲು ಹಳ್ಳ, ಹಳ್ಳ ದಾಟಿದರೆ ಏರು. ಮೂರರಿಂದ ಎರಡಕ್ಕೆ ಎಳೆದೆ. ಬರಲಿಲ್ಲ. ಎರಡು ಸಲ ತುಳಿದೆ, ಮೂರು ಸಲ ತುಳಿದೆ. ಗಾಡಿ ಒಂದು ಸಲ ನರಳಿ, ಆಫಾಗಿ, ಹಿಂದಕ್ಕೆ ಜಾರಿ ಹಳ್ಳದ ಉಸುಕಿನಲ್ಲಿ ಕೂತಿತು. ಮೇಲಿನ ಅಂತಸ್ತಿನ ಟ್ರೇಗಳು ಉರುಳಿದವು. ನಾನು ಸ್ಟೀರಿಂಗ್ ಹಿಡಿದುಕೊಂಡೇ ಕೂತಿದ್ದೆ. ಕೆಳಗಿಳಿದರೆ ಸೋತೆ ಅಂತ ಆಗುತ್ತದೆ ಅನ್ನುವ ಹಾಗೆ.

ಹೆಣ್ಣಾಳುಗಳು ಸೀರೆ ಎತ್ತಿ ಕಟ್ಟಿಕೊಂಡು ಇಳಿದು ಬಂದರು. ಒಬ್ಬೊಬ್ಬರು ಒಂದೊಂದು ಟ್ರೇ ತಲೆಯ ಮೇಲೆ ಇಟ್ಟುಕೊಂಡರು. ಅವರಲ್ಲಿ ಹಿರಿಯಳು ಕಿಟಕಿಯ ಹತ್ತಿರ ಬಂದು, "ಯಣ್ಣಾ, ಇಳದು ನೀನೂ ಒಂದು ಟ್ರೇ ಹೊರು. ನೀ ಅಲ್ಲಿ ಕುಂತ್ರ ಸಸಿ ನಡಕೋಂತ ಬರತಾವೇನು?" ಅಂದಳು. "ಎರಡನೇ ಗೇರು ಬೀಳವಲ್ದು" ಅಂತ ಗೊಣಗುತ್ತ ಇಳಿದೆ.

"ಅಣ್ಣನ ಗಾಡಿಗಿ ಎರಡನೇದು ಒಗ್ಗವಲ್ದಂತ. ಮೊದಲನೇದಕ್ಕ ಅಂಟಿಕೊಂಡೈತಿ" ಅಂದಳು ಇನ್ನೊಬ್ಬಳು.

"ಒಳ್ಳೇ ಮನಿತನದ ಗಾಡಿ ಬಿಡು" ಅಂತ ಮತ್ತೊಬ್ಬಳು.

ನಗುತ್ತ ನಗುತ್ತಲೇ ಅವರು ಹಳ್ಳದಿಂದ ಹೊಲದವರೆಗೆ ಹತ್ತಾರು ಸಲ ಓಡಾಡಿ ಎಲ್ಲ ಟ್ರೇ ಸಾಗಿಸಿದರು. ನಾನೂ ಹೊತ್ತೆ. ಸಸಿ ಉಳಿಯಿತು. ಆದರೆ ಸುದ್ದಿ ನನಗಿಂತ ಮೊದಲು ನರ್ಸರಿ ಮುಟ್ಟಿತ್ತು. ಮಾಲೀಕರು ಫೋನಿನಲ್ಲಿ ಜೋರು ಮಾಡಲಿಲ್ಲ. "ನಿನ್ನ ಮ್ಯಾಲ ಸಿಟ್ಟಿಲ್ಲ. ಇನ್ನೊಂದು ಸಲ ಹಿಂಗಾದ್ರ ನಾ ಬ್ಯಾರೆ ಗಾಡಿ ಹಚ್ಚತೀನಿ" ಅಂದರು, ಅಷ್ಟೇ.

ಬಳ್ಳಾರಿಯ ಕೌಲ್ ಬಜಾರಿನಲ್ಲಿ ಖಾಜಾ ಭಾಯಿ ಅಂತ ಗೇರ್ ಬಾಕ್ಸ್ ಮೇಸ್ತ್ರಿ. ಗಾಡಿಯನ್ನು ಎಳೆಸಿಕೊಂಡು ಅವನ ಹತ್ತಿರ ಒಯ್ದೆ. ಅವನು ಎಣ್ಣೆಯನ್ನು ತಾಟಿಗೆ ಇಳಿಸಿ ಬಿಸಿಲಿಗೆ ಹಿಡಿದ. ಕಪ್ಪು ಎಣ್ಣೆಯೊಳಗೆ ಬಂಗಾರದ ಪುಡಿಯಂತೆ ಏನೋ ತೇಲುತ್ತಿತ್ತು. ಅಯಸ್ಕಾಂತ ಅದ್ದಿ ಎತ್ತಿದ. ಪುಡಿ ಹತ್ತಲಿಲ್ಲ.

"ಕಬ್ಬಿಣ ಆಗಿದ್ರ ಹತ್ತತಿತ್ತು ಭಾಯಿ. ಇದು ಹಿತ್ತಾಳಿ. ನಿಮ್ಮ ರಿಂಗು ಸವದು ಎಣ್ಣಿಗಿ ಬಂದೈತಿ."

ಒಳಗಿನಿಂದ ರಿಂಗು ತೆಗೆದು ಕೈಗೆ ಕೊಟ್ಟ. ಹಳದಿ ಇರಬೇಕಾದ್ದು ಕಂದಿ ಕಪ್ಪಾಗಿತ್ತು. ಅಂಚಿನ ಹಲ್ಲುಗಳು ಮುದುಕರ ಹಲ್ಲಿನ ಹಾಗೆ ಮೊಂಡಾಗಿದ್ದವು. ಯಾವ ಎಣ್ಣೆ ಹಾಕಿದ್ದಿರಿ ಅಂತ ಕೇಳಿದ. ಐದು ಅಂದೆ. ಅವನು ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

"ಈ ಮಾಡಲಿಗಿ ಹೊಸ ರಿಂಗು ಈಗ ಸಿಗಂಗಿಲ್ಲ. ಗುಜರಿಗೆ ಬಂದ ಗಾಡಿ ಒಳಗಿಂದು ಒಂದು ಸೆಟ್ ನನ್ನ ಕಡೆ ಐತಿ, ಅದನ್ನ ಹಾಕತೀನಿ. ಅದೂ ಹಿಂಗ ಆದ್ರ ನನ್ನ ಕಡೆ ಬರಬ್ಯಾಡ್ರಿ. ಸೀದಾ ಗುಜರಿಗೆ ಒಯ್ರಿ."

"ಈಗ ಯಾವ ಎಣ್ಣಿ ಹಾಕಲಿ, ನೀನ ಹೇಳಪ್ಪ."

"ನಾ ಬಿಚ್ಚಾಂವ, ಕೂಡಸಾಂವ. ಎಣ್ಣಿ ಕೇಳಬೇಕಂದ್ರ ಸಿರುಗುಪ್ಪದಾಗ ಒಬ್ಬ ಅಕ್ಕಾರ ಅದಾರ. ಅನುಮಾನ ಬಂದ್ರ ನಾನೂ ಅವರನ್ನ ಕೇಳತೀನಿ."

ಸವೆದ ರಿಂಗನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಸಿರುಗುಪ್ಪದ ಬಸ್ಸು ಹತ್ತಿದೆ. ಓಣಿಯ ತುದಿಯಲ್ಲಿ, ಪಾರ್ವತಕ್ಕನ ಅಂಗಡಿಯ ಎದುರಿಗೇ ಒಂದು ಚಹಾದ ಡಬ್ಬಿ ಅಂಗಡಿ. ಅಲ್ಲಿ ಕೂತು, ಆಕೆಯ ಅಂಗಡಿ ಖಾಲಿಯಾಗಲಿ ಅಂತ ಕಾದೆ. ಒಂದು ಚಹಾ ಕುಡಿದೆ. ಗಿರಾಕಿ ಹೋದ, ಇನ್ನೊಬ್ಬ ಬಂದ. ಇನ್ನೊಂದು ಚಹಾ ಕುಡಿದೆ. ಆಕೆ ತಲೆ ಎತ್ತದೆಯೇ ಅಲ್ಲಿಂದ ಅಂದಳು: "ಎರಡು ಚಾ ಆದವು. ಇನ್ನ ಬರ್ರಿ ಒಳಗ."

ಹೋದೆ. "ಗಾಡಿ ಯಾವುದು? ಯಾವ ವರ್ಷದ್ದು? ಎಣ್ಣಿ ಎಲ್ಲಿಗೆ?" ಮೊದಲ ಸಲ ನೋಡಿದವಳಂತೆ ಕೇಳಿದಳು. ಮೂರಕ್ಕೂ ಉತ್ತರ ಕೊಟ್ಟೆ. ಆಮೇಲೆ ಕರವಸ್ತ್ರ ಬಿಚ್ಚಿ ರಿಂಗನ್ನು ಗಲ್ಲಾದ ಮೇಲೆ ಇಟ್ಟೆ. ಆಕೆ ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು.

"ನಿಮ್ಮ ಮನ್ಯಾಗ ಹಿತ್ತಾಳಿ ಬೋಗುಣಿ ಐತೇನ್ರಿ?"

"ಐತ್ರಿ, ನಮ್ಮವ್ವಂದು."

"ಕಲಾಯಿ ಹೋದ ಬೋಗುಣ್ಯಾಗ ಹುಣಸಿಹಣ್ಣಿನ ಸಾರು ಮಾಡಿಟ್ಟು ಮರುದಿನ ಉಣತೀರೇನು?"

"ಇಲ್ರಿ. ಕಿಲುಬು ಏರತೈತಿ."

"ಹಂಗಂತ ಹುಣಸಿಹಣ್ಣು ಕೆಟ್ಟದ್ದೇನು?"

"ಯಾಕ ಕೆಟ್ಟದ್ದು."

"ಐದೂ ಕೆಟ್ಟದ್ದಲ್ಲ. ಅದರೊಳಗ ಒಂದು ಖಾರದ ಮದ್ದು ಜಾಸ್ತಿ ಹಾಕಿರತಾರ. ಹಿಂದಿನ ಕ್ರೌನಿನಾಗ ಉಕ್ಕಿಗೆ ಉಕ್ಕು ಜೋರು ತಿಕ್ಕತೈತಿ, ಅಲ್ಲಿ ಅದು ಬೇಕು. ಗೇರ್ ಬಾಕ್ಸಿನಾಗ ಹಿತ್ತಾಳಿ ಐತಿ. ಬಿಸಿ ಆದಂಗ ಆ ಮದ್ದು ಹಿತ್ತಾಳಿ ತಿಂತೈತಿ. ಮತ್ತ, ಆ ರಿಂಗು ಹಿಡದು ನಿಲ್ಲಿಸಿದ್ರನ ಗೇರ್ ಬೀಳೋದು. ಅತೀ ಜಾರೋ ಎಣ್ಣಿ ಹಾಕಿದ್ರ ಅದು ಹಿಡಿಯೋದು ಹೆಂಗ? ನಾಲ್ಕರ ಮ್ಯಾಲ ಐದು ಅಂತ ಅಲ್ರಿ. ಅದರ ಜಾಗ ಬ್ಯಾರೆ, ಇದರ ಜಾಗ ಬ್ಯಾರೆ."

ನಾನು ಚಿಕ್ಕವನಿದ್ದಾಗ ಕಲಾಯಿ ಹಾಕುವವನು ನಮ್ಮ ಓಣಿಗೆ ಬಂದು ನೆಲದಲ್ಲಿ ಕುಳಿ ತೋಡಿ ತಿದಿ ಊದುತ್ತಿದ್ದ. ಅವ್ವ ಬೋಗುಣಿ, ತಂಬಿಗೆ ಎಲ್ಲ ತಂದು ಸುರಿಯುತ್ತಿದ್ದಳು. ನವಸಾಗರದ ಹೊಗೆ ಎದ್ದು, ಕರಗಿದ ತವರವನ್ನು ಅರಳೆಯಿಂದ ಒಂದು ಸುತ್ತು ಒರೆಸಿದರೆ ಒಳಗೆಲ್ಲ ಬೆಳ್ಳಿ. ಒಂದು ವರ್ಷ ಅವನು ಬರುವುದು ತಡವಾಗಿ, ಅವ್ವ ಒಂದು ಬೋಗುಣಿ ಸಾರನ್ನು ಹಾಗೇ ತಿಪ್ಪೆಗೆ ಚೆಲ್ಲಿದ್ದಳು. ಮನೆಯಲ್ಲಿ ಬೇರೆ ಏನೂ ಇಲ್ಲದ ದಿನ ಅದು. ನಾನು ಅತ್ತೆ. "ಹಸಿವಿಗಿಂತ ಕಿಲುಬು ಕೆಟ್ಟದ್ದೋ ಮಗನ" ಅಂದಿದ್ದಳು. ಅಂದರೆ ಗೇರ್ ಎಣ್ಣೆಯ ಪಾಠ ನನಗೆ ಸಾಲಿಗೆ ಸೇರುವ ಮೊದಲೇ ಆಗಿತ್ತು. ಅದನ್ನು ಒಲೆಯ ಮುಂದೆ ಬಿಟ್ಟು ಬಂದಿದ್ದೆ, ಗಾಡಿಗೆ ಹತ್ತಿಸಿಕೊಂಡಿರಲಿಲ್ಲ.

ಪಾರ್ವತಕ್ಕ ನಾಲ್ಕರ ಕ್ಯಾನು ಇಳಿಸಿದಳು. ದಪ್ಪವೂ ಬೇಡ, ತೊಂಬತ್ತು ಸಾಕು ಅಂತ, ದಪ್ಪ ಎಷ್ಟು ಅಂತ ಹೇಳುವ ಇನ್ನೊಂದು ಅಂಕಿ ತೋರಿಸಿದಳು. ಜಿಎಲ್ ಅನ್ನುವ ಎರಡು ಅಕ್ಷರದ ಮೇಲೆ ಬೆರಳಿಟ್ಟು ಎರಡು ಸಲ ಓದಿಸಿದಳು. "ಎಲ್ಲಾ ಗಾಡಿಗೂ ಇದ ಅಂತ ಊರಾಗ ಹೇಳಿ ಬಿಟ್ಟೀರಿ ಮತ್ತ. ಗಾಡಿ ಪುಸ್ತಕದಾಗ ಏನು ಬರದಾರ, ಅದು ಮೊದಲು" ಅಂದಳು. ನಾನು ಹೋಗಲಿಲ್ಲ, ನಿಂತೇ ಇದ್ದೆ.

"ಅವತ್ತು ನಾ ಒಂದು ಮಾತಂದೆ ಅಕ್ಕಾರ. ಗೇರ್ ಹಾಕೀರೇನು ಅಂತ."

"ಖರೇನ ಅಂದ್ರಿ. ನಾ ಹಾಕಿಲ್ಲ. ಅದಕ್ಕ ಹಾಕೋರನ್ನ ಕೇಳಿ ಕೇಳಿ ತಿಳಕೋತೀನಿ. ನೀವು ಯಾರನ್ನ ಕೇಳತೀರಿ?"

ಕ್ಯಾನು ಹಿಡಿದುಕೊಂಡು, ಖಾಜಾ ಭಾಯಿಯ ಹತ್ತಿರ ಹೋಗಲು ಬಳ್ಳಾರಿಯ ಬಸ್ಸು ಹತ್ತಿದೆ.

ಆ ಹಂಗಾಮಿನ ಒಂದೊಂದು ಏರಿಗೂ ನನ್ನ ಜೀವ ಕೈಯಲ್ಲಿತ್ತು. ಗುಜರಿ ಗಾಡಿಯ ರಿಂಗು, ಅದರ ಮೇಲೆ ನನ್ನ ಇಡೀ ಬಾಳು. ಕೊಳಗಲ್ಲಿನ ಅದೇ ಹಳ್ಳಕ್ಕೆ ಮತ್ತೆ ಸಸಿ ಒಯ್ಯಬೇಕಾಗಿ ಬಂದಾಗ, ಈಚೆ ದಂಡೆಯಲ್ಲಿ ಗಾಡಿ ನಿಲ್ಲಿಸಿ ಇಳಿದು, ಏರನ್ನೊಮ್ಮೆ ಗೇರ್ ಲಿವರನ್ನೊಮ್ಮೆ ನೋಡಿದೆ. ಹೊಲದಲ್ಲಿ ಅದೇ ಹೆಣ್ಣಾಳುಗಳು ಸೊಂಟದ ಮೇಲೆ ಕೈ ಇಟ್ಟು ನಿಂತಿದ್ದರು, ಟ್ರೇ ಹೊರಲು ತಯಾರಾಗಿ. ಹತ್ತಿ ಕೂತು ಗಾಡಿ ಹಳ್ಳಕ್ಕೆ ಇಳಿಸಿ, ಏರಿನ ಬುಡದಲ್ಲಿ ಮೂರರಿಂದ ಎರಡಕ್ಕೆ ತಂದೆ. ಬೆಣ್ಣೆಯಲ್ಲಿ ಬೆರಳಿಟ್ಟಂತೆ ಇಳಿಯಿತು. ಏರು ಹತ್ತಿ ಹೊಲದ ಬದುವಿಗೆ ಹೋಗಿ ನಿಂತಾಗ ಆ ಹಿರಿಯಳು ನಿರಾಸೆಯಾದವಳಂತೆ, "ಹೋತು, ಇವತ್ತಿನ ನಗಿ ಹೋತು" ಅಂದಳು.

ಅಲ್ಲಿಂದ ಇಲ್ಲಿಯವರೆಗೆ ಅದೇ ರಿಂಗು, ಅದೇ ಗಾಡಿ. ಇವತ್ತು ಎಣ್ಣೆ ಪೂರ್ತಿ ಇಳಿದ ಮೇಲೆ ಬಿಸಿಲಿಗೆ ಹಿಡಿದು ನೋಡಿದೆ. ಕಪ್ಪಾಗಿತ್ತು, ಆದರೆ ಒಳಗೆ ಏನೂ ಮಿನುಗಲಿಲ್ಲ. ಒಂದು ಸಣ್ಣ ಬಾಟಲಿಗೆ ಅದನ್ನು ಹಾಕಿಕೊಂಡು ಮಧ್ಯಾಹ್ನದ ಬಸ್ಸಿಗೆ ಸಿರುಗುಪ್ಪಕ್ಕೆ ಹೋದೆ. ಈಗ ಹೊಸ ಎಣ್ಣೆ ಕೊಡುವ ಮೊದಲು ಹಳೆಯದು ಹೇಗೆ ಬಂತು ಅಂತ ಆಕೆ ನನ್ನನ್ನು ಕೇಳುತ್ತಾಳೆ, ನಾಲ್ಕನೇ ಪ್ರಶ್ನೆ ಅದು.

ಬಾಟಲಿ ನೋಡಿ ಆಕೆ ತಲೆಯಾಡಿಸಿದಳು. ಆಮೇಲೆ ಹಳೇ ಕ್ಯಾಲೆಂಡರಿನ ಒಂದು ಹಾಳೆ ಹರಿದು ಹಿಂಬದಿ ಮೇಲೆ ಮಾಡಿ, ಮಾರ್ಕರ್ ಪೆನ್ನು ತೆಗೆದಳು. "ನಿಮ್ಮ ಮಾಡಲಿನ ಗಾಡಿ ಈ ಕಡೆ ಇನ್ನೂ ನಾಲ್ಕೈದು ಅದಾವು. ಒಬ್ಬರ ಕಡೆನೂ ಪುಸ್ತಕ ಉಳದಿಲ್ಲ. ಪುಸ್ತಕ ಇದ್ರೂ ನಮ್ಮ ಎರಿಮಣ್ಣಿನ ಸುದ್ದಿ ಅದರಾಗ ಇರಂಗಿಲ್ಲ. ನೀವು ಹೇಳ್ರಿ, ಬರದು ಗೋಡಿಗಿ ಹಚ್ಚತೀನಿ."

ಹೇಳಿದೆ. ಮಾಡಲು, ಎಣ್ಣೆ, ದಪ್ಪ, ಎಷ್ಟು ಹಂಗಾಮಿಗೆ ಬದಲಿಸಬೇಕು, ಚಳಿಗಾಲದ ಬೆಳಿಗ್ಗೆ ಮೊದಲ ಒಂದು ಮೈಲು ಎರಡನೇ ಗೇರಿಗೆ ಅವಸರ ಮಾಡಬಾರದು, ಪಕ್ಕದ ಬೋಲ್ಟು ಮೊದಲು ಬಿಚ್ಚಬೇಕು. ಆಕೆ ನಡುನಡುವೆ ನಿಲ್ಲಿಸಿ, "ಸಾವಕಾಶ ಹೇಳ್ರಿ" ಅನ್ನುತ್ತಿದ್ದಳು. ನಾನು ಹೇಳಿದ್ದನ್ನು ಯಾರೋ ಬರೆದುಕೊಳ್ಳುವುದು ಹುಟ್ಟಿದಾಗಿನಿಂದ ಇದೇ ಮೊದಲು.

"ಹೇಳಿದವರು ಇಂಥವರು ಅಂತ ನಿಮ್ಮ ಹೆಸರು ಹಾಕಲೇನ್ರಿ?"

ಎದೆ ಉಬ್ಬಿತು, ಸುಳ್ಳು ಯಾಕೆ ಹೇಳಲಿ. "ಹಾಕ್ರಿ. ಆದ್ರ ಎಲ್ಲಾದಕ್ಕೂ ಮೊದಲು ಇನ್ನೊಂದು ಸಾಲು ಬರೀಬೇಕು" ಅಂದೆ.

"ಏನಂತ?"

"ಈ ಮನಶ್ಯಾ ಯಾರನ್ನೂ ಕೇಳದ ಐದು ಹಾಕಿ, ಒಂದು ಸೆಟ್ ರಿಂಗು ಹಾಳು ಮಾಡಿದಾಂವ."

ಆಕೆ ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದಳು. "ಮ್ಯಾಲ ಜಾಗ ಸ್ವಲ್ಪ ಐತಿ, ಸಣ್ಣ ಅಕ್ಷರದಾಗ ಬರೀಬೇಕಾಗತೈತಿ."

"ಹಾಳಿ ಬದಲಿ ಮಾಡ್ರಿ. ದೊಡ್ಡದಾಗಿ ಬರೀರಿ."

ಇನ್ನೊಂದು ಹಾಳೆ ಹರಿದು ಮೊದಲಿನಿಂದ ಬರೆದಳು. ಗೋಡೆಗೆ ನಾನು ಹಿಡಿದೆ, ಆಕೆ ಟೇಪು ಹಚ್ಚಿದಳು. ಕ್ಯಾನು ಎತ್ತಿಕೊಂಡು ಮೆಟ್ಟಿಲು ಇಳಿಯುವಾಗ ಯಾವುದೋ ಊರಿನ ಡ್ರೈವರ್ ಒಬ್ಬ ಒಳಗೆ ಬಂದು, ಗೋಡೆಯ ಮುಂದೆ ನಿಂತು ಅಕ್ಷರ ಕೂಡಿಸಿ ಕೂಡಿಸಿ ಓದತೊಡಗಿದ. ಮೊದಲ ಸಾಲು ಮುಗಿಸಿ ಜೋರಾಗಿ ನಕ್ಕ. ನಾನು ಓಣಿಯಲ್ಲಿ ನಿಂತೆ. ಅವನು ನಗು ಮುಗಿಸಿ, ಇನ್ನೂ ಸ್ವಲ್ಪ ಗೋಡೆಯ ಹತ್ತಿರ ಸರಿದು, ಕೆಳಗಿನದನ್ನೂ ಓದಿದ.